ಬೊಟ್ಟು ಮಾಡುವ ಗಳಿಗೆ: ಸಮೂಹ ಸನ್ನಿ ಕೊಲೆಯಾಗಿ ಬದಲಾಗುವುದು ಹೇಗೆ?

2025ರ ಜುಲೈ 6ರ ರಾತ್ರಿ ಬಿಹಾರದ ಪೂರ್ಣಿಯಾ ಜಿಲ್ಲೆಯ ಟೆಟ್‌ಗಾಮಾ ಎಂಬ ಹಳ್ಳಿಯಲ್ಲಿ ಒಂದೇ ಕುಟುಂಬದ ಐವರನ್ನು ಊರಿನ ಗುಂಪೊಂದು ಕೊಂದು ಸುಟ್ಟಿತು. ಕೆಲವೇ ದಿನಗಳ ಹಿಂದೆ ಊರಿನಲ್ಲಿ ಒಂದು ಮಗು ಕಾಯಿಲೆಯಿಂದ ತೀರಿಕೊಂಡಿತ್ತು, ಇನ್ನೊಂದು ಕಾಯಿಲೆ ಬಿದ್ದಿತ್ತು. ಇದಕ್ಕೆಲ್ಲ ಆ ಮನೆಯ ಮಾಟವೇ ಕಾರಣ ಎಂಬ ಆರೋಪ ಹತ್ಯೆಯ ಹಿಂದಿತ್ತು ಎಂದು ಪೊಲೀಸರು ಹೇಳಿದರು. ಸುದ್ದಿ ಓದಿದ ಹಲವರಿಗೆ ಅರ್ಥವಾಗದೆ ಉಳಿದದ್ದು ಕ್ರೌರ್ಯವಲ್ಲ, ಅದರ ಹಿನ್ನೆಲೆ. ಕೊಂದವರು ಹೊರಗಿನಿಂದ ಬಂದವರಲ್ಲ, ನೆರೆಹೊರೆಯವರು. ಸತ್ತವರು ಪರಕೀಯರಲ್ಲ, ಅದೇ ಊರಿನಲ್ಲಿ ಬಾಳಿ ಬದುಕಿದವರು. ಮಾಟಗಾತಿಯೆಂದು ಹೆಸರಿಟ್ಟು ಹಿಂಸಿಸುವುದರ ವಿರುದ್ಧ ಬಿಹಾರದಲ್ಲಿ 1999ರಿಂದಲೇ ಪ್ರತ್ಯೇಕ ಕಾನೂನಿದೆ. ಹಾಗಿದ್ದೂ ಇಡೀ ಊರು ಒಂದು ರಾತ್ರಿಯಲ್ಲಿ ಹೀಗೆ ಆಡಲು ಸಾಧ್ಯವಾದದ್ದು ಹೇಗೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, "ಜನ ಹೆದರಿದ್ದರು, ಹೆದರಿದಾಗ ವಿವೇಕ ಹೋಗುತ್ತದೆ" ಎಂಬುದು. ಈ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಏಕೆಂದರೆ ಭಯ ಹುಟ್ಟಿದ ಕಡೆಯಲ್ಲೆಲ್ಲ ಕೊಲೆ ನಡೆದಿಲ್ಲ.

ಭಯವೊಂದೇ ಕೊಲ್ಲುವುದಿಲ್ಲ

1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳ ಮನೆಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿದ್ದನ್ನು ನಡುವಯಸ್ಸು ದಾಟಿದ ಓದುಗರು ಮರೆತಿರಲಾರರು. ರಾತ್ರಿ ಹೆಣ್ಣು ದೆವ್ವವೊಂದು ಬಂದು, ಮನೆಯವರ ದನಿಯಲ್ಲೇ ಕೂಗಿ ಬಾಗಿಲು ತಟ್ಟುತ್ತದೆ, ತೆರೆದವರು ಸಾಯುತ್ತಾರೆ, ಬಾಗಿಲ ಮೇಲೆ "ನಾಳೆ ಬಾ" ಎಂದಿದ್ದರೆ ಓದಿಕೊಂಡು ಹಿಂದಿರುಗುತ್ತದೆ, ಮಾರನೆಯ ದಿನ ಬಂದಾಗಲೂ ಅದನ್ನೇ ಓದುತ್ತದೆ ಎಂಬ ವದಂತಿ ಅದು. ಮೊಬೈಲ್ ಫೋನು ಇನ್ನೂ ಮನೆಮನೆಗೆ ಬಂದಿರದ ಆ ಕಾಲದಲ್ಲೂ ವದಂತಿ ಬಾಯಿಂದ ಬಾಯಿಗೆ ಊರೂರು ದಾಟಿತು. ಭಯ ನಿಜವಾಗಿಯೇ ಇತ್ತು, ಅದು ಹರಡಿದ ವೇಗವೂ ಕಡಿಮೆಯದಲ್ಲ. ಆದರೆ ಬೀದಿಯಲ್ಲಿ ಹಿಡಿದು ಬಡಿಯಲು ದೆವ್ವಕ್ಕೆ ಮೈಯಿರಲಿಲ್ಲ. ಹಾಗಾಗಿ ಊರು ಒಂದು ತುಂಡು ಸೀಮೆಸುಣ್ಣದಲ್ಲಿ ತನ್ನ ಭಯವನ್ನು ನಿಭಾಯಿಸಿತು.

ಯುರೋಪಿನ ಸ್ಟ್ರಾಸ್‌ಬರ್ಗ್ ನಗರದ ಇತಿಹಾಸ ಇದೇ ಅಂಶವನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. 1518ರ ಬೇಸಿಗೆಯಲ್ಲಿ ಅಲ್ಲಿ ಒಬ್ಬ ಹೆಂಗಸು ಬೀದಿಯಲ್ಲಿ ನಿಲ್ಲದೆ ಕುಣಿಯತೊಡಗಿದಳು; ಕೆಲವೇ ವಾರಗಳಲ್ಲಿ ನೂರಾರು ಜನ ಅದೇ ರೀತಿ ಕುಣಿಯುತ್ತಿದ್ದರು. ವೈದ್ಯರು ಇದು ರಕ್ತ ಬಿಸಿಯಾದುದರ ಫಲ ಎಂದರು. ನಗರಸಭೆ ಮೊದಲು ಕುಣಿತಕ್ಕೆ ಜಾಗವನ್ನೂ ವಾದ್ಯದವರನ್ನೂ ಒದಗಿಸಿತು, ಅದು ಫಲಿಸದಿದ್ದಾಗ ಕುಣಿಯುವವರನ್ನು ಸಂತನೊಬ್ಬನ ಗುಡಿಗೆ ಕಳಿಸಿತು. ಸಮೂಹ ಸನ್ನಿಗೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗುವುದು ಕಷ್ಟ, ಆದರೂ ಯಾರ ಮೇಲೂ ಅಪವಾದ ಬೀಳಲಿಲ್ಲ. ಅದೇ ನಗರದಲ್ಲಿ 1349ರ ಫೆಬ್ರವರಿ 14ರಂದು ನಡೆದದ್ದು ಬೇರೆ. ಪ್ಲೇಗು ಇನ್ನೂ ಊರಿಗೆ ಕಾಲಿಟ್ಟಿರಲಿಲ್ಲ, ಅದರ ಸುದ್ದಿಯಷ್ಟೇ ಬಂದಿತ್ತು. ಯೆಹೂದಿಗಳು ಬಾವಿಗಳಿಗೆ ವಿಷ ಹಾಕಿ ರೋಗ ಹರಡುತ್ತಿದ್ದಾರೆಂಬ ಮಾತನ್ನು ನಂಬಿ ನೂರಾರು ಯೆಹೂದಿಗಳನ್ನು ಸುಡಲಾಯಿತು. ಯೆಹೂದಿಗಳೂ ಪ್ಲೇಗಿನಿಂದ ಸಾಯುತ್ತಿದ್ದಾರೆ, ಅವರು ಇಲ್ಲದ ಊರಿಗೂ ಪ್ಲೇಗು ಬಂದಿದೆ ಎಂದು ಪೋಪ್ ಆರನೆಯ ಕ್ಲೆಮೆಂಟ್ 1348ರಲ್ಲೇ ಆಜ್ಞಾಪತ್ರ ಹೊರಡಿಸಿದ್ದರೂ ಅದು ಕೆಲಸಕ್ಕೆ ಬರಲಿಲ್ಲ. ಅವರನ್ನು ಕಾಯಲು ನೋಡಿದ ನಗರಸಭೆಯನ್ನು ಕಸುಬುದಾರರ ಸಂಘಗಳು ಕೆಲವೇ ದಿನಗಳ ಮೊದಲು ಕೆಳಗಿಳಿಸಿದ್ದವು. ಹತ್ಯೆಯಾದ ಮೇಲೆ ಯೆಹೂದಿಗಳಿಗೆ ತೀರಿಸಬೇಕಿದ್ದ ಸಾಲಗಳು ರದ್ದಾದವು, ಅವರ ಹಣ ಹಂಚಿಕೆಯಾಯಿತು. ಅವರನ್ನು ಕೊಂದ ವಿಷ ಹಣವೇ ಎಂಬ ಅರ್ಥದ ಮಾತನ್ನು ಆ ಊರಿನ ಅಂದಿನ ಇತಿಹಾಸಕಾರರೇ ಬರೆದಿಟ್ಟಿದ್ದಾರೆ.

ಎರಡಕ್ಕೂ ಇರುವ ವ್ಯತ್ಯಾಸ ಭಯದ ಪ್ರಮಾಣದಲ್ಲಿಲ್ಲ. 1518ರಲ್ಲಿ ಕಾರಣವನ್ನು ಮೈಯೊಳಗೆ ಹುಡುಕಿದರು, 1349ರಲ್ಲಿ ಪಕ್ಕದ ಬೀದಿಯಲ್ಲಿ ಹುಡುಕಿದರು.

ಶಾಯಿ ಒರೆಸಿದ ಬೆರಳು

ಬೊಟ್ಟು ಮಾಡಿದ ನಂತರ ಏನಾಗುತ್ತದೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ದಾಖಲೆ ಇಟಲಿಯ ಮಿಲಾನ್ ನಗರದ್ದು. 1630ರಲ್ಲಿ ಪ್ಲೇಗು ಆ ನಗರವನ್ನು ತಿನ್ನುತ್ತಿದ್ದಾಗ, ಯಾರೋ ಗೋಡೆಗಳಿಗೆ ವಿಷದ ಲೇಪ ಬಳಿಯುತ್ತಿದ್ದಾರೆಂಬ ವದಂತಿ ಹರಡಿತು. ಜೂನ್ 21ರ ಬೆಳಗಿನ ಜಾವ ಮಳೆ ಸುರಿಯುತ್ತಿತ್ತು. ಕಿಟಕಿಯಲ್ಲಿದ್ದ ಹೆಂಗಸೊಬ್ಬಳು ಕಪ್ಪು ನಿಲುವಂಗಿಯ ಒಬ್ಬಾತ ಗೋಡೆಗೆ ಒತ್ತಿಕೊಂಡು ನಡೆಯುತ್ತಿರುವುದನ್ನೂ ಗೋಡೆಗೆ ಕೈ ಉಜ್ಜುವುದನ್ನೂ ಕಂಡಳು. ಮಳೆಯಲ್ಲಿ ನಡೆಯುವವನು ಸೂರಿನ ಕೆಳಗೆ ಸರಿಯುವುದು ಸಹಜ, ಶಾಯಿ ಮೆತ್ತಿದ ಬೆರಳನ್ನು ಗೋಡೆಗೆ ಒರೆಸುವುದೂ ಸಹಜ. ಆತ ಗುಲ್ಯೆಲ್ಮೊ ಪಿಯಾತ್ಸಾ, ನಗರದ ಆರೋಗ್ಯ ಇಲಾಖೆಯ ಅಧಿಕಾರಿ. ರೋಗವನ್ನು ತಡೆಯುವ ವ್ಯವಸ್ಥೆಯ ಮನುಷ್ಯನೇ ರೋಗ ಹರಡುವವನಾಗಿ ಕಂಡ.

ಪಿಯಾತ್ಸಾ ಮೊದಲು ಆರೋಪವನ್ನು ಅಲ್ಲಗಳೆದ. ಚಿತ್ರಹಿಂಸೆಯಲ್ಲೂ ಅಲ್ಲಗಳೆದ. ಕೊನೆಗೆ, ಜೊತೆಗಾರರ ಹೆಸರು ಹೇಳಿದರೆ ಬಿಟ್ಟುಬಿಡುತ್ತೇವೆಂಬ ಭರವಸೆ ಸಿಕ್ಕಿದಾಗ ಜಾನ್ ಜಾಕೊಮೊ ಮೋರಾ ಎಂಬ ಕ್ಷೌರಿಕನ ಹೆಸರು ಹೇಳಿದ. ಮೋರಾ ಪ್ಲೇಗಿಗೆ ಮುಲಾಮು ತಯಾರಿಸುತ್ತಿದ್ದವನು. ಅವನ ಮನೆ ಶೋಧಿಸಿದಾಗ ಬಟ್ಟೆ ಒಗೆಯುವ ಬೂದಿನೀರಿನ ಪಾತ್ರೆ ಸಿಕ್ಕಿತು, ಅದೇ ವಿಷದ ಸಾಕ್ಷ್ಯವಾಯಿತು. ಚಿತ್ರಹಿಂಸೆಯಲ್ಲಿ ಅವನೂ ಒಪ್ಪಿಕೊಂಡ. ಇಬ್ಬರನ್ನೂ ಭೀಕರವಾಗಿ ಕೊಲ್ಲಲಾಯಿತು. ಮೋರಾನ ಮನೆಯನ್ನು ಕೆಡವಿ, ಆ ಜಾಗದಲ್ಲಿ ಮತ್ತೆಂದೂ ಯಾರೂ ಮನೆ ಕಟ್ಟಬಾರದೆಂದು ಕಲ್ಲಿನಲ್ಲಿ ಬರೆಸಿ "ಅಪಕೀರ್ತಿಯ ಕಂಬ"ವನ್ನು ನಿಲ್ಲಿಸಲಾಯಿತು. ಅದು ಉರುಳಿದ್ದು 1778ರಲ್ಲಿ.

ಇಲ್ಲಿ ಗಮನಿಸಬೇಕಾದದ್ದು ನ್ಯಾಯಾಧೀಶರು ಅನಕ್ಷರಸ್ಥರಲ್ಲ, ಬೀದಿಯ ಗುಂಪೂ ಅಲ್ಲ ಎಂಬುದು. ಬರವಣಿಗೆ, ಸಾಕ್ಷಿ, ವಿಚಾರಣೆ ಎಲ್ಲವೂ ಕ್ರಮಬದ್ಧವಾಗಿಯೇ ನಡೆದವು. ಆದರೆ ಅಪರಾಧ ನಡೆದಿದೆಯೇ ಎಂಬ ಮೊದಲ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಮಾಡಿದವನು ಯಾರು ಎಂಬ ಎರಡನೆಯ ಪ್ರಶ್ನೆಯಿಂದಲೇ ವಿಚಾರಣೆ ಶುರುವಾಯಿತು. ಮೊದಲ ಪ್ರಶ್ನೆ ಬಿಟ್ಟುಹೋದ ಮೇಲೆ ಬೂದಿನೀರು ಬೂದಿನೀರಾಗಿ ಉಳಿಯುವ ದಾರಿಯೇ ಇರಲಿಲ್ಲ.

ಒಪ್ಪಿದವರು ಉಳಿದರು, ಅಲ್ಲಗಳೆದವರು ಸತ್ತರು

ಅರುವತ್ತೆರಡು ವರ್ಷಗಳ ನಂತರ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂನಲ್ಲಿ ಇದೇ ತರ್ಕ ಇನ್ನೊಂದು ಸುತ್ತು ಬಿಗಿಯಾಯಿತು. 1692ರ ಆರಂಭದಲ್ಲಿ ಕೆಲವು ಹುಡುಗಿಯರಿಗೆ ವಿಚಿತ್ರ ಸೆಳೆತಗಳು ಬಂದವು. ವರ್ಷ ಮುಗಿಯುವುದರೊಳಗೆ ನೂರೈವತ್ತಕ್ಕೂ ಹೆಚ್ಚು ಜನರ ಮೇಲೆ ಮಾಟದ ಆರೋಪ ಬಂದಿತ್ತು, 19 ಜನರನ್ನು ಗಲ್ಲಿಗೇರಿಸಲಾಗಿತ್ತು, ವಿಚಾರಣೆಗೆ ಒಪ್ಪದ ವೃದ್ಧನೊಬ್ಬನ ಮೇಲೆ ಕಲ್ಲು ಹೇರಿ ಕೊಲ್ಲಲಾಗಿತ್ತು. ಆರೋಪಿಯ "ಛಾಯೆ" ಕನಸಿನಲ್ಲೋ ಸೆಳೆತದಲ್ಲೋ ಬಂದು ಪೀಡಿಸಿತು ಎಂಬ ಹೇಳಿಕೆಯನ್ನೂ ನ್ಯಾಯಾಲಯ ಸಾಕ್ಷ್ಯವೆಂದು ಸ್ವೀಕರಿಸಿತು. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಮಲಗಿದ್ದೆ ಎಂದರೆ ಅದು ಉತ್ತರವಾಗದು, ಏಕೆಂದರೆ ಹೋದದ್ದು ಛಾಯೆ. ರೆಬೆಕಾ ನರ್ಸ್ ಎಂಬ ವೃದ್ಧೆಯನ್ನು ಜ್ಯೂರಿ ಮೊದಲು ನಿರ್ದೋಷಿ ಎಂದಿತ್ತು. ಜನರು ಗದ್ದಲವೆಬ್ಬಿಸಿ ನ್ಯಾಯಾಧೀಶರು ಮತ್ತೆ ಯೋಚಿಸಲು ಹೇಳಿದ ಮೇಲೆ ಅದೇ ಜ್ಯೂರಿ ತೀರ್ಪು ತಿರುಗಿಸಿತು.

ಇದಕ್ಕಿಂತಲೂ ಮುಖ್ಯವಾದದ್ದು, ಮಾಟ ಮಾಡಿದೆನೆಂದು ಒಪ್ಪಿಕೊಂಡವರನ್ನು ಗಲ್ಲಿಗೇರಿಸಲಿಲ್ಲ, ಅಲ್ಲಗಳೆದವರನ್ನು ಏರಿಸಿದರು. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಬದುಕಬೇಕಾದರೆ ಒಪ್ಪಿಕೊಳ್ಳಬೇಕು, ಒಪ್ಪಿಗೆ ನಂಬಿಕೆಗೆ ಅರ್ಹವಾಗಬೇಕಾದರೆ ಇತರರ ಹೆಸರು ಹೇಳಬೇಕು, ಹೇಳಿದ ಪ್ರತಿ ಹೆಸರೂ ಮಾಟ ನಿಜವಾಗಿಯೂ ಇದೆ ಎಂಬುದಕ್ಕೆ ಹೊಸ ಪುರಾವೆಯಾಗುತ್ತದೆ. ಹುಡುಗಿಯರ ಸೆಳೆತಕ್ಕೆ ಬೂಷ್ಟು ಹಿಡಿದ ಧಾನ್ಯ ಕಾರಣವಿರಬಹುದೇ ಎಂಬ ಚರ್ಚೆ ಆಗಾಗ ಏಳುತ್ತಿರುತ್ತದೆ. ಅದು ನಿಜವೇ ಆದರೂ ಸೆಳೆತವನ್ನು ವಿವರಿಸೀತೇ ಹೊರತು ಗಲ್ಲನ್ನಲ್ಲ.

ಗವರ್ನರ್ ವಿಲಿಯಂ ಫಿಪ್ಸ್ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯವನ್ನು ವಿಸರ್ಜಿಸಿದ ಮೇಲೆ, ಛಾಯೆಯ ಸಾಕ್ಷ್ಯವನ್ನು ನೆಚ್ಚದ ಹೊಸ ನ್ಯಾಯಾಲಯದ ಮುಂದೆ ಬಂದ ಪ್ರಕರಣಗಳಲ್ಲಿ ಹೆಚ್ಚಿನವು ಬಿದ್ದುಹೋದವು. ಜನರ ನಂಬಿಕೆ ಬದಲಾಗಿರಲಿಲ್ಲ, ಬದಲಾದದ್ದು ಸಾಕ್ಷ್ಯದ ನಿಯಮ. ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ 1953ರಲ್ಲಿ ಸೇಲಂ ಕುರಿತು ನಾಟಕ ಬರೆದದ್ದು, ಒಪ್ಪಿಸಿ ಹೆಸರು ಹೇಳಿಸುವ ಈ ತರ್ಕದ ಕಾರಣಕ್ಕೇ. ಆಗ ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕುವ ಸಮಿತಿಗಳು ಕೂಡ ತಪ್ಪೊಪ್ಪಿಗೆಯಷ್ಟರಿಂದ ತೃಪ್ತಿಪಡದೆ ಹೆಸರುಗಳನ್ನು ಕೇಳುತ್ತಿದ್ದವು. 1956ರಲ್ಲಿ ಮಿಲ್ಲರ್ ಅವರನ್ನೇ ಕರೆಸಿ ಹೆಸರು ಕೇಳಲಾಯಿತು, ಅವರು ಹೇಳಲಿಲ್ಲ.

ನಾಲಿಗೆಯ ಪರೀಕ್ಷೆ

ನ್ಯಾಯಾಲಯವೇ ಇಲ್ಲದ ಕಡೆ ಸಾಕ್ಷ್ಯದ ನಿಯಮ ಬೀದಿಯಲ್ಲೇ ಹುಟ್ಟುತ್ತದೆ. 1923ರ ಸೆಪ್ಟೆಂಬರ್ 1ರಂದು ಟೋಕಿಯೊ ಮತ್ತು ಯೊಕೊಹಾಮಾ ಭೂಕಂಪದಿಂದ ನೆಲಸಮವಾದಾಗ, ಕೊರಿಯನ್ನರು ಬೆಂಕಿ ಹಚ್ಚುತ್ತಿದ್ದಾರೆ, ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ವದಂತಿ ಹಬ್ಬಿತು. ಜಪಾನಿನ ಗೃಹ ಇಲಾಖೆಯೇ ಆ ವದಂತಿಯನ್ನು ಸತ್ಯವೆಂಬಂತೆ ತಂತಿಯ ಮೂಲಕ ಪ್ರಾಂತಗಳಿಗೆ ಕಳಿಸಿತು. ಊರಕಾವಲಿನ ಗುಂಪುಗಳು ದಾರಿಹೋಕರನ್ನು ತಡೆದು "ಹದಿನೈದು ಯೆನ್ ಐವತ್ತು ಸೆನ್" ಎಂಬುದನ್ನು ಜಪಾನಿ ಭಾಷೆಯಲ್ಲಿ ಹೇಳಿಸುತ್ತಿದ್ದವು, ಏಕೆಂದರೆ ಅದರ ಮೊದಲ ಉಚ್ಚಾರ ಕೊರಿಯನ್ನರ ನಾಲಿಗೆಗೆ ಸುಲಭವಲ್ಲ. ಸಾವಿರಾರು ಕೊರಿಯನ್ನರು ಸತ್ತರು. ಜೊತೆಗೆ, ಚಿಬಾ ಪ್ರಾಂತದ ಫುಕುಡಾ ಎಂಬ ಹಳ್ಳಿಯಲ್ಲಿ ದೂರದ ಕಗಾವಾದಿಂದ ಔಷಧಿ ಮಾರಲು ಬಂದಿದ್ದ ಒಂಬತ್ತು ಜಪಾನಿಯರನ್ನು ಅವರ ಮಾತಿನ ಧಾಟಿ ಬೇರೆಯಾಗಿತ್ತೆಂಬ ಶಂಕೆಯಿಂದಲೇ ಕೊಲ್ಲಲಾಯಿತು.

ಫುಕುಡಾದ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಭಾರತದ 2018ನ್ನು ನೋಡಬೇಕು. ಆ ವರ್ಷ "ಮಕ್ಕಳ ಕಳ್ಳರು ಬಂದಿದ್ದಾರೆ" ಎಂಬ ವಾಟ್ಸ್ಆ್ಯಪ್ ಸಂದೇಶಗಳು ರಾಜ್ಯದಿಂದ ರಾಜ್ಯಕ್ಕೆ ಹರಡಿದವು. ಅವುಗಳ ಜೊತೆಗಿದ್ದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷತೆಯ ಅರಿವಿಗಾಗಿ ಕರಾಚಿಯಲ್ಲಿ ತಯಾರಾದ ಚಿತ್ರ. ಮಗುವನ್ನು ಹಿಂದಿರುಗಿಸಿ ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಕಟ್ಟಿಹಾಕಿ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದ ಐವರನ್ನು ಗ್ರಾಮ ಪಂಚಾಯಿತಿ ಕಚೇರಿಯೊಳಗೇ ಬಡಿದು ಕೊಂದರು. ಅವರು ಕನ್ನಡಿಗರಿಗೆ ಬಸವಣ್ಣನವರ ಕಾಲದಿಂದ ಪರಿಚಿತವಾದ ಮಂಗಳವೇಢೆಯ ಕಡೆಯವರು, ಭಿಕ್ಷೆ ಬೇಡುತ್ತ ಊರೂರು ಸುತ್ತುವವರು. ಸಂತೆಯ ದಿನ ಅವರಲ್ಲೊಬ್ಬರು ಒಂದು ಹೆಣ್ಣು ಮಗುವನ್ನು ಮಾತನಾಡಿಸಿದ್ದೇ ಶಂಕೆಗೆ ಸಾಕಾಗಿತ್ತು.

ಎರಡು ವಾರದೊಳಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರ ಹತ್ಯೆಯಾಯಿತು. ಅವರ ಗೆಳೆಯರ ಗುಂಪಿನವರೊಬ್ಬರು ಹತ್ತಿರದ ಹಳ್ಳಿಯೊಂದರಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಶಂಕೆಗೊಂಡ ಜನರಿಂದ ತಪ್ಪಿಸಿಕೊಂಡು ಕಾರಿನಲ್ಲಿ ಹೊರಟವರಿಗಿಂತ ಮೊದಲೇ ವಾಟ್ಸ್ಆ್ಯಪ್ ಸಂದೇಶ ಮುರ್ಕಿಯನ್ನು ತಲುಪಿತ್ತು. ಓಡಿದವನು ಕಳ್ಳ ಎಂಬುದಕ್ಕೆ ಓಡಿದ್ದೇ ಸಾಕ್ಷಿ. ನಿಂತಿದ್ದರೆ ಅವರನ್ನು ಉಳಿಸುವಂಥದ್ದೂ ಅಲ್ಲಿ ಏನೂ ಇರಲಿಲ್ಲ. ತ್ರಿಪುರಾದ ಸಬ್ರೂಮ್ ಬಳಿ ನಡೆದದ್ದು ಇನ್ನೂ ವಿಪರೀತ. ವದಂತಿಗಳನ್ನು ನಂಬಬೇಡಿ ಎಂದು ಧ್ವನಿವರ್ಧಕದಲ್ಲಿ ಸಾರಲು ಸರ್ಕಾರ ಗೊತ್ತುಮಾಡಿದ್ದ ವ್ಯಕ್ತಿಯನ್ನೇ ಮಕ್ಕಳ ಕಳ್ಳನೆಂದು ಕೊಂದರು. ಮಿಲಾನಿನ ಆರೋಗ್ಯಾಧಿಕಾರಿಗೂ ಈತನಿಗೂ ನಡುವೆ ಸುಮಾರು ನಾಲ್ಕು ಶತಮಾನಗಳ ಅಂತರ.

ಹರಕೆಯ ಕುರಿಗೆ ಅಪವಾದವಿಲ್ಲ

ಇಂಥ ಸಂದರ್ಭಗಳಲ್ಲಿ ನಾವು "ಬಲಿಪಶು" ಎಂಬ ಮಾತನ್ನು ಬಳಸುತ್ತೇವೆ. ಆದರೆ ಬಲಿಯ ಮೂಲ ಆಚರಣೆಗೂ ಗುಂಪಿನ ಕೊಲೆಗೂ ನಡುವೆ ದೊಡ್ಡ ಭೇದವಿದೆ. ಹೀಬ್ರೂ ಧರ್ಮಗ್ರಂಥದಲ್ಲಿ ಊರಿನ ಪಾಪಗಳನ್ನೆಲ್ಲ ಹೊರಿಸಿ ಕಾಡಿಗೆ ಅಟ್ಟುವ ಆಡು ಪಾಪಿಯೆಂದು ಯಾರೂ ಹೇಳುವುದಿಲ್ಲ. ನಮ್ಮ ಜಾತ್ರೆಗಳ ಹರಕೆಯ ಕುರಿಯೂ ತಪ್ಪು ಮಾಡಿದ್ದಕ್ಕೆ ಸಾಯುವುದಿಲ್ಲ. ಪಾಪ ತಮ್ಮದು, ಪ್ರಾಣ ಅದರದು ಎಂಬುದು ಬಲಿ ಕೊಡುವವರಿಗೆ ಗೊತ್ತಿರುತ್ತದೆ. ಗುಂಪಿಗೆ ಗೊತ್ತಿಲ್ಲದಿರುವುದು ಅದೇ. ಅದು ತಾನು ಬಲಿ ಕೊಡುತ್ತಿದ್ದೇನೆಂದಲ್ಲ, ನ್ಯಾಯ ಮಾಡುತ್ತಿದ್ದೇನೆಂದೇ ತಿಳಿದಿರುತ್ತದೆ.

ಸಾಹಿತ್ಯ ಈ ಭೇದದ ಸುತ್ತ ಮತ್ತೆ ಮತ್ತೆ ಸುಳಿದಿದೆ. ಗ್ರೀಕರ ಈಡಿಪಸ್ ನಾಟಕದಲ್ಲಿ ಊರಿಗೆ ಪಿಡುಗು ಬಂದಿದೆ, ಒಬ್ಬ ತಪ್ಪಿತಸ್ಥ ಊರಿನಲ್ಲಿರುವುದೇ ಕಾರಣವೆಂದು ದೈವವಾಣಿ ಹೇಳಿದೆ, ಕೊನೆಗೆ ತಪ್ಪಿತಸ್ಥ ನಿಜವಾಗಿಯೂ ಸಿಗುತ್ತಾನೆ. ಕತೆ ಊರಿನ ನಂಬಿಕೆಯನ್ನು ಸಮರ್ಥಿಸುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದ ಮೂಲಕ ಕನ್ನಡದ ಮನೆಮನೆಗೆ ಬಂದ ಸೀತಾ ಪರಿತ್ಯಾಗದ ಕತೆಯ ದಿಕ್ಕು ಬೇರೆ. ಅಲ್ಲಿ ಅಗಸನ ಮಾತು ಸುಳ್ಳೆಂದು ರಾಮನಿಗೂ ಗೊತ್ತು, ಓದುಗನಿಗೂ ಗೊತ್ತು. ಆದರೂ ತುಂಬು ಗರ್ಭಿಣಿ ಕಾಡಿಗೆ ಹೋಗುತ್ತಾಳೆ. ಅಪವಾದವನ್ನು ನಂಬದವನೂ ಅದಕ್ಕೆ ತಲೆಬಾಗಬಲ್ಲ ಎಂಬುದನ್ನು ಈ ಕತೆ ಈಡಿಪಸ್‌ಗಿಂತ ಚೆನ್ನಾಗಿ ಹೇಳುತ್ತದೆ.

ಅಜ್ಞಾನವೇ, ಫೋನೇ, ಲಾಭವೇ?

ಟೆಟ್‌ಗಾಮಾದಂಥ ಘಟನೆಗಳ ಬಳಿಕ ಕೇಳಿಬರುವ ವಾದಗಳಲ್ಲಿ ಮೊದಲನೆಯದು ಶಿಕ್ಷಣ ಮತ್ತು ಆಸ್ಪತ್ರೆಯ ಕೊರತೆಯನ್ನು ಹೊಣೆ ಮಾಡುತ್ತದೆ. ಮಗುವಿಗೆ ವೈದ್ಯರು ಸಿಕ್ಕಿದ್ದರೆ ಮಂತ್ರವಾದಿಯ ಬಳಿ ಹೋಗುತ್ತಿರಲಿಲ್ಲ ಎಂಬುದರಲ್ಲಿ ಸತ್ಯಾಂಶವಿದೆ. ಆದರೆ ಮಿಲಾನಿನ ನ್ಯಾಯಾಧೀಶರು ಓದಿದವರು. ಚಾಮರಾಜಪೇಟೆ ಮಹಾನಗರದ ನಡುವೆ ಇದೆ. ಎರಡನೆಯ ವಾದ ತಂತ್ರಜ್ಞಾನದ್ದು. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಎಸ್ಎಂಎಸ್‌ಗಳಿಂದ ಹೆದರಿ ಸಾವಿರಾರು ಜನ ವಿಶೇಷ ರೈಲುಗಳಲ್ಲಿ ಬೆಂಗಳೂರನ್ನು ಬಿಟ್ಟಾಗ, ಸರ್ಕಾರ ಒಂದೇ ಬಾರಿ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕಳಿಸುವುದನ್ನು ತಾತ್ಕಾಲಿಕವಾಗಿ ನಿಷೇಧಿಸಿತು. 2018ರ ಜುಲೈನಲ್ಲಿ ವಾಟ್ಸ್ಆ್ಯಪ್ ಕೂಡ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಹಲವು ಸಲ ಕೈ ಬದಲಾಯಿಸಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದಾಯಿತು. ಇದರಿಂದ ಅಂಥ ಸಂದೇಶಗಳು ಶೇ 70ರಷ್ಟು ಇಳಿದವೆಂದು ಕಂಪನಿ ಹೇಳಿಕೊಂಡಿತು. ವೇಗ ತಗ್ಗಿದರೆ ಲಾಭವಿದೆ, ಏಕೆಂದರೆ ಮುರ್ಕಿಯಲ್ಲಿ ಸಂದೇಶ ಕಾರಿಗಿಂತ ತಡವಾಗಿ ತಲುಪಿದ್ದರೆ ದಾರಿಯಲ್ಲಿ ಅಡ್ಡಗಟ್ಟುವವರು ಇರುತ್ತಿರಲಿಲ್ಲ. ಆದರೆ ಒಂದೇ ಹಳ್ಳಿಯೊಳಗೆ ಹುಟ್ಟಿ ಅಲ್ಲೇ ಮುಗಿಯುವ ಮಾಟದ ಅಪವಾದಕ್ಕೆ ಫೋನು ಬೇಕಿಲ್ಲ.

ಮೂರನೆಯ ವಾದ ಲಾಭದತ್ತ ನೋಡುತ್ತದೆ. ಸ್ಟ್ರಾಸ್‌ಬರ್ಗಿನ ಸಾಲದ ಪತ್ರಗಳಂತೆ, ಜಾರ್ಖಂಡ್, ಬಿಹಾರಗಳ ಮಾಟದ ಆರೋಪಗಳ ಹಿಂದೆ ವಿಧವೆಯರ ಜಮೀನು, ದಾಯಾದಿ ಕಲಹ ಇರುವುದನ್ನು ಮಹಿಳಾ ಹಕ್ಕುಗಳ ಕಾರ್ಯಕರ್ತರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅಧಿಕಾರದಲ್ಲಿರುವವರಿಗೂ ಬೊಟ್ಟು ಇನ್ನೊಬ್ಬರ ಕಡೆ ತಿರುಗುವುದು ಅನುಕೂಲ. ಕೋವಿಡ್ ಕಾಲದಲ್ಲಿ ಸೋಂಕು ಹರಡಿದರೆಂಬ ಆರೋಪಕ್ಕೆ ಗುರಿಯಾದ, ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧರ್ಮಪ್ರಚಾರ ಸಂಘಟನೆಯ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟ್‌ನಲ್ಲಿ ರದ್ದುಪಡಿಸಿದಾಗ, ವಿಪತ್ತು ಬಂದಾಗ ರಾಜಕೀಯ ಸರ್ಕಾರ ಬಲಿಪಶುವನ್ನು ಹುಡುಕುತ್ತದೆ ಎಂದು ತೀರ್ಪು ಬರೆದ ನ್ಯಾಯಮೂರ್ತಿ ಹೇಳಿದರು. ಪೀಠದ ಇನ್ನೊಬ್ಬ ನ್ಯಾಯಮೂರ್ತಿ ಆದೇಶವನ್ನು ಒಪ್ಪಿದರೂ ಕೆಲವು ಅಭಿಪ್ರಾಯಗಳಿಂದ ದೂರ ಉಳಿದರು. ಲಾಭದ ವಾದ ಬಲವಾದದ್ದೇ, ಆದರೆ ಅದು ಬೊಟ್ಟು ಮಾಡಿದ ಮೊದಲಿಗನನ್ನು ವಿವರಿಸುತ್ತದೆ, ಅವನ ಹಿಂದೆ ನಿಂತ ನೂರು ಜನರನ್ನಲ್ಲ. ಆ ನೂರು ಜನರಿಗೆ ಜಮೀನೂ ಸಿಗುವುದಿಲ್ಲ, ಸಾಲವೂ ಮಾಫಿಯಾಗುವುದಿಲ್ಲ.

ಕಾನೂನು ಯಾವ ಗಳಿಗೆಗೆ ಬರುತ್ತದೆ

ಮುರ್ಕಿಯ ಹತ್ಯೆಯಾದ ನಾಲ್ಕು ದಿನಕ್ಕೆ, 2018ರ ಜುಲೈ 17ರಂದು, ಸುಪ್ರೀಂ ಕೋರ್ಟ್ ಗುಂಪು ಹತ್ಯೆ ತಡೆಗೆ ನಿರ್ದೇಶನಗಳನ್ನು ಕೊಟ್ಟಿತು. ಪ್ರತಿ ಜಿಲ್ಲೆಗೆ ಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ನೋಡಲ್ ಅಧಿಕಾರಿ, ತ್ವರಿತ ನ್ಯಾಯಾಲಯ, ಪರಿಹಾರ ಯೋಜನೆ ಇರಬೇಕೆಂದ ಕೋರ್ಟ್, ಪ್ರತ್ಯೇಕ ಅಪರಾಧವಾಗಿ ಕಾನೂನು ಮಾಡುವಂತೆ ಸಂಸತ್ತಿಗೂ ಶಿಫಾರಸು ಮಾಡಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಸೆಕ್ಷನ್ ಆ ಶಿಫಾರಸಿಗೆ ತಡವಾಗಿ ಬಂದ ಉತ್ತರ. ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಊರು, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದೇ ಇತರ ಕಾರಣಕ್ಕೆ ಕೊಲೆ ಮಾಡಿದರೆ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ.

ಇಲ್ಲಿ ಒಂದು ತೊಡಕಿದೆ. ಮಕ್ಕಳ ಕಳ್ಳನೆಂದು ಕೊಂದವರು, ನಾವು ಅವನ ಭಾಷೆಗಾಗಿ ಕೊಲ್ಲಲಿಲ್ಲ, ಕಳ್ಳನೆಂದುಕೊಂಡು ಕೊಂದೆವು ಎಂದು ವಾದಿಸಬಹುದು. ಆದರೆ ಅವನನ್ನು ಕಳ್ಳನೆಂದುಕೊಂಡದ್ದು ಭಾಷೆ, ವೇಷ, ಪರಊರು ಎಂಬ ಕಾರಣಗಳಿಂದಲೇ. ಶಂಕೆಯ ಆಧಾರವನ್ನೂ ಕೊಲೆಯ ಆಧಾರವೆಂದು ನ್ಯಾಯಾಲಯಗಳು ಓದುತ್ತವೆಯೇ ಎಂಬುದರ ಮೇಲೆ ಈ ಸೆಕ್ಷನ್ನಿನ ವ್ಯಾಪ್ತಿ ನಿಂತಿದೆ. "ಅಂಥದೇ ಇತರ ಕಾರಣ" ಎಂಬ ಮಾತನ್ನು ಕಿರಿದಾಗಿ ಓದಿದರೆ ರಾಯಿನ್‌ಪಾಡಾದಂಥ ಪ್ರಕರಣಗಳು ಮಾಮೂಲು ಕೊಲೆಯ ಸೆಕ್ಷನ್ನಿಗೆ ಹಿಂದಿರುಗುತ್ತವೆ.

ಇನ್ನೊಂದು ತೊಡಕು ಸಮಯದ್ದು. ಈ ಕಾನೂನುಗಳೆಲ್ಲ ಹೆಣ ಬಿದ್ದ ಮೇಲೆ ಕೆಲಸ ಆರಂಭಿಸುತ್ತವೆ. ಮೇಲೆ ನೋಡಿದ ಪ್ರಕರಣಗಳಲ್ಲಿ ತಡೆಯುವ ಅವಕಾಶ ಇದ್ದದ್ದು ಹೆಸರು ಹೇಳಿದ ಗಳಿಗೆಯಲ್ಲಿ, ಅಂದರೆ ಅಪರಾಧ ನಡೆದಿದೆಯೇ ಎಂದು ಯಾರಾದರೂ ಅಧಿಕಾರದ ದನಿಯಲ್ಲಿ ಕೇಳಬಹುದಾಗಿದ್ದ ಗಳಿಗೆಯಲ್ಲಿ. 1923ರಲ್ಲಿ ಯೊಕೊಹಾಮಾ ಬಳಿಯ ತ್ಸುರುಮಿ ಪೊಲೀಸ್ ಠಾಣೆಯ ಮುಖ್ಯಸ್ಥ ಒಕಾವಾ ತ್ಸುನೆಕಿಚಿ ಸುಮಾರು 300 ಕೊರಿಯನ್ನರಿಗೆ ಠಾಣೆಯಲ್ಲಿ ಆಶ್ರಯ ಕೊಟ್ಟಿದ್ದರು. ಠಾಣೆಯನ್ನು ಮುತ್ತಿದ ಗುಂಪು ಬಾವಿಯ ವಿಷವೆಂದು ತಂದ ನೀರನ್ನು ಎಲ್ಲರೆದುರು ತಾವೇ ಕುಡಿದು ತೋರಿಸಿದರೆಂದು ಅವರ ಬಗ್ಗೆ ಹೇಳುತ್ತಾರೆ. ಗೃಹ ಇಲಾಖೆಯ ತಂತಿ ಹೊರಟ ದೇಶದಲ್ಲೇ ಇದೂ ನಡೆಯಿತು.

ನಮ್ಮಲ್ಲಿ ಆ ಗಳಿಗೆಗೆ ಕಾನೂನು ಇಟ್ಟಿರುವ ಬೆಲೆ ತೀರ ಕಡಿಮೆ. ಟೆಟ್‌ಗಾಮಾ ಇರುವ ಬಿಹಾರದ 1999ರ ಕಾಯ್ದೆಯ ಪ್ರಕಾರ ಒಬ್ಬ ಹೆಂಗಸನ್ನು ಮಾಟಗಾತಿಯೆಂದು ಗುರುತಿಸಿ ಹೇಳಿದರೆ ಗರಿಷ್ಠ ಶಿಕ್ಷೆ ಮೂರು ತಿಂಗಳ ಸೆರೆವಾಸ, ಇಲ್ಲವೇ ಒಂದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ.